ಕಾರಿನ ವಯಸ್ಸು ಕೇಳ್ತಾರೆ, ತುಕ್ಕು ಯಾರೂ ನೋಡಲ್ಲ

ಕಳೆದ ನವೆಂಬರ್‌ನಲ್ಲಿ ಹೊನ್ನಾವರದ ಮನೆಗೆ ಹೋದಾಗ, ಅಪ್ಪನ ಕಾರು ತೊಳೆಯೋಣ ಅಂತ ಡ್ರೈವರ್ ಸೀಟಿನ ಮುಂದಿದ್ದ ರಬ್ಬರ್ ಮ್ಯಾಟ್ ಎತ್ತಿದೆ. ತಗಡು ಇರಬೇಕಿದ್ದ ಜಾಗದಲ್ಲಿ ಅಂಗಳದ ಕೆಂಪು ಮಣ್ಣು ಕಾಣಿಸಿತು. ನನ್ನ ಎರಡು ಬೆರಳು ಸಲೀಸಾಗಿ ತೂರುವಷ್ಟು ದೊಡ್ಡ ತೂತು.

'ಮಳೆಗಾಲದಲ್ಲಿ ಕಾಲಿಗೆ ನೀರು ಸಿಡೀತಿತ್ತು. ಅಡ್ಡಿಲ್ಲ ಅಂತ ಬಿಟ್ಟಿದ್ದೆ' ಅಂದರು ಅಪ್ಪ.

ಅದು 2001ರ ಬಿಳಿ ಮಾರುತಿ 800. ಈ ಜೂನ್‌ನಲ್ಲಿ ಅದರ ನೋಂದಣಿ ಅವಧಿ ಮುಗಿಯುತ್ತದೆ. ಗುಜರಿಯವರು 15 ಸಾವಿರ ಕೊಡ್ತೀವಿ ಅಂದಿದ್ದಾರೆ. ಓಡುವ ಸ್ಥಿತಿಯಲ್ಲಿ ಮಾರಿದರೆ 40 ಸಾವಿರ ಬಂದರೆ ಪುಣ್ಯ. ಪೂರ್ತಿ ಬಾಡಿ ಕೆಲಸ ಮಾಡಿ ಬಣ್ಣ ಹೊಡೆಯಲು ಒಂದು ದೊಡ್ಡ ವರ್ಕ್‌ಶಾಪ್ ಹೇಳಿದ ರೇಟು 62 ಸಾವಿರ. ಅಂದರೆ ಕಾರಿಗಿಂತ ಬಣ್ಣವೇ ದುಬಾರಿ. 'ಬಿಟ್ಟಾಕು, ಇಎಂಐ ಮೇಲೆ ಹೊಸದು ತಗೋ' ಅಂತ ಬೆಂಗಳೂರಿನ ಗೆಳೆಯರು ಹೇಳಿದ್ದು ಇದೇ ಲೆಕ್ಕದ ಮೇಲೆ.

ಆದರೆ ಲೆಕ್ಕದಲ್ಲಿ ಒಂದು ಸಂಗತಿ ಬಿಟ್ಟುಹೋಗಿದೆ. ಅಮ್ಮನನ್ನು ತಿಂಗಳಿಗೊಮ್ಮೆ ಮಣಿಪಾಲಕ್ಕೆ ತೋರಿಸಲು ಕರೆದುಕೊಂಡು ಹೋಗಬೇಕು. ನಮ್ಮ ಮನೆಯಿಂದ ಸುಮಾರು 120 ಕಿಲೋಮೀಟರ್. ಬಾಡಿಗೆ ಕಾರು ಮಾಡಿದರೆ ಅಪ್ಪನ ಪಿಂಚಣಿಯ ಒಂದು ಪಾಲು ಒಂದೇ ದಿನಕ್ಕೆ ಹೋಗುತ್ತದೆ. ಉತ್ತರ ಕನ್ನಡಕ್ಕೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ 2019ರಲ್ಲಿ ಈ ಜಿಲ್ಲೆಯ ಹುಡುಗ ಹುಡುಗಿಯರು ಸೋಶಿಯಲ್ ಮೀಡಿಯಾದಲ್ಲಿ ಅಭಿಯಾನ ಮಾಡಿದ್ದು ನಿಮಗೆ ನೆನಪಿರಬಹುದು. 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಹೊತ್ತು ಹೊರಟಿದ್ದ ಆಂಬುಲೆನ್ಸ್ ಬೈಂದೂರು ಬಳಿಯ ಶಿರೂರು ಟೋಲ್‌ಗೇಟ್‌ನಲ್ಲಿ ಪಲ್ಟಿಯಾಗಿ ಜೀವ ಹೋದಾಗ ಆ ಕೂಗು ಮತ್ತೆ ಎದ್ದಿತು. ಈಗಲೂ ಭಟ್ಕಳ, ಹೊನ್ನಾವರ, ಕುಮಟಾದ ಜನ ಗಂಭೀರ ಕಾಯಿಲೆ ಅಂದರೆ ದಕ್ಷಿಣಕ್ಕೆ ಮುಖ ಮಾಡಿ ರಾಷ್ಟ್ರೀಯ ಹೆದ್ದಾರಿ 66 ಹಿಡಿಯುತ್ತಾರೆ. ಇಲ್ಲಿ ಹಳೇ ಕಾರು ಷೋಕಿಯ ವಸ್ತುವಲ್ಲ. ಆಸ್ಪತ್ರೆ ಇಲ್ಲದ ಊರಿನಲ್ಲಿ ಮನೆಯವರೇ ಮಾಡಿಕೊಂಡ ವ್ಯವಸ್ಥೆ ಅದು.

ಹಾಗಾಗಿ ಉಳಿಸಿಕೊಳ್ಳೋಣ ಅಂತ ತೀರ್ಮಾನಿಸಿದೆವು. ನಾಲ್ಕು ವರ್ಷ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿದ ನಾನು ಕಾರಿನ ತಗಡಿಗೆ ಕೈ ಹಚ್ಚಿದ್ದು ಇದೇ ಮೊದಲು. ಕಲಿತದ್ದನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ. ನಿಮ್ಮ ಮನೆ ಅಂಗಳದಲ್ಲೂ ಇಂಥದ್ದೊಂದು ನಿಂತಿರಬಹುದು.

ತುಕ್ಕು ಅನ್ನೋ ಬ್ಯಾಟರಿ

ಕಬ್ಬಿಣಕ್ಕೆ ನೀರು ಮತ್ತು ಗಾಳಿಯ ಆಮ್ಲಜನಕ ಸೇರಿದರೆ ತುಕ್ಕು. ಇದು ಶಾಲೆಯ ಪಾಠ. ಆದರೆ ಅದು ಹೇಗೆ ಆಗುತ್ತದೆ ಅನ್ನೋದು ಮುಖ್ಯ. ತಗಡಿನ ಒಂದು ಚುಕ್ಕೆಯಲ್ಲಿ ಕಬ್ಬಿಣ ಕರಗಿ ಎಲೆಕ್ಟ್ರಾನ್ ಬಿಡುತ್ತದೆ, ಪಕ್ಕದ ಇನ್ನೊಂದು ಚುಕ್ಕೆಯಲ್ಲಿ ಆಮ್ಲಜನಕ ಅದನ್ನು ತೆಗೆದುಕೊಳ್ಳುತ್ತದೆ. ಎರಡರ ನಡುವೆ ಕರೆಂಟು ಹರಿಯಲು ಒದ್ದೆ ಬೇಕು. ಅಂದರೆ ತುಕ್ಕಿನ ಪ್ರತಿ ಕಲೆಯೂ ಒಂದು ಪುಟ್ಟ ಬ್ಯಾಟರಿ. ಬರೀ ನೀರಿನಲ್ಲಿ ಈ ಬ್ಯಾಟರಿ ಮಂದ. ಉಪ್ಪು ಬೆರೆತರೆ ಚುರುಕು. ಉಪ್ಪಿನಲ್ಲಿರುವ ಕ್ಲೋರೈಡ್ ಲೋಹದ ಮೇಲಿನ ರಕ್ಷಣಾ ಪದರವನ್ನೂ ಒಡೆಯುತ್ತದೆ.

ಕರಾವಳಿಯ ಕತೆ ಇಲ್ಲಿ ಬೇರೆಯಾಗುತ್ತದೆ. ಅಡುಗೆ ಉಪ್ಪು ಗಾಳಿಯ ತೇವಾಂಶ ಸುಮಾರು 75 ಶೇಕಡಾ ದಾಟಿದರೆ ತಾನಾಗಿ ನೀರಾಗುತ್ತದೆ. ಮಳೆಗಾಲದಲ್ಲಿ ನಮ್ಮ ಉಪ್ಪಿನ ಭರಣಿ ಒದ್ದೆಯಾಗೋದು ಇದಕ್ಕೇ. ಸಮುದ್ರದ ಉಪ್ಪಿನಲ್ಲಿ ಮೆಗ್ನೀಸಿಯಂ ಕ್ಲೋರೈಡ್ ಕೂಡ ಇರುತ್ತದೆ. ಅದು 33 ಶೇಕಡಾ ತೇವಾಂಶಕ್ಕೇ ನೀರೆಳೆಯಲು ಶುರು ಮಾಡುತ್ತದೆ. ಅಂದರೆ ಉಪ್ಪಿನ ಗಾಳಿ ಕುಡಿದ ತಗಡು ಕಣ್ಣಿಗೆ ಒಣಗಿದಂತೆ ಕಂಡರೂ ಒಳಗೆ ಒದ್ದೆಯಾಗೇ ಇರುತ್ತದೆ. ಅದಕ್ಕೆ ವರ್ಷಕ್ಕೆ 3,000 ಮಿಲಿಮೀಟರ್ ದಾಟುವ ಮಳೆ ಸೇರಿಸಿ. ಹೆದ್ದಾರಿಯಲ್ಲಿ ನಿಮ್ಮ ಮುಂದೆ ಹೋಗುವ ಮೀನಿನ ಲಾರಿಯಿಂದ ಸೋರುವ ಉಪ್ಪುನೀರನ್ನೂ ಸೇರಿಸಿ. ಹುಬ್ಬಳ್ಳಿಯಲ್ಲಿ ಇಪ್ಪತ್ತು ವರ್ಷ ಬಾಳುವ ತಗಡು ಮುರ್ಡೇಶ್ವರದ ಕಡಲ ಬದಿಯಲ್ಲಿ ಯಾಕೆ ಬಾಳುವುದಿಲ್ಲ ಅನ್ನೋದಕ್ಕೆ ಇಷ್ಟೇ ಉತ್ತರ.

ಅಲ್ಯುಮಿನಿಯಂ ಕೂಡ ಗಾಳಿಗೆ ಆಕ್ಸೈಡ್ ಆಗುತ್ತದೆ, ಆದರೆ ಆ ಪದರ ಲೋಹಕ್ಕೆ ಗಟ್ಟಿಯಾಗಿ ಅಂಟಿ ಕಾವಲು ಕಾಯುತ್ತದೆ. ಕಬ್ಬಿಣದ ತುಕ್ಕು ಹಾಗಲ್ಲ. ತನ್ನ ಮೂಲ ಲೋಹಕ್ಕಿಂತ ಹಲವು ಪಟ್ಟು ಉಬ್ಬುತ್ತದೆ, ಬಣ್ಣವನ್ನು ಒಳಗಿಂದ ತಳ್ಳುತ್ತದೆ, ಉದುರುತ್ತದೆ, ಕೆಳಗಿನ ಹೊಸ ಲೋಹವನ್ನು ಮತ್ತೆ ಗಾಳಿಗೆ ಒಡ್ಡುತ್ತದೆ. ಹೀಗಾಗಿ ಬಾಗಿಲ ಮೇಲೆ ಒಂದು ಗುಳ್ಳೆ ಎದ್ದಿದೆ ಅಂದರೆ ತುಕ್ಕು ಈಗ ಶುರುವಾಗಿದೆ ಅಂತಲ್ಲ. ಒಳಗಿಂದ ಹೊರಗೆ ಬಂದು ಮುಟ್ಟಿದೆ ಅಂತ.

ಮೊದಲು ಹುಡುಕಿ, ಆಮೇಲೆ ಹೆದರಿ

ಭಟ್ಕಳದಲ್ಲಿ ನಮಗೆ ಸಿಕ್ಕ ಟಿಂಕರ್ ಕೆಲಸದವರು ದುಬೈಯಲ್ಲಿ ಹನ್ನೊಂದು ವರ್ಷ ಬಾಡಿ ಶಾಪ್‌ನಲ್ಲಿ ದುಡಿದು ಬಂದವರು. ಕಾರು ನೋಡಿದ ಕೂಡಲೇ ರೇಟು ಹೇಳಲಿಲ್ಲ. ಜೇಬಿನಿಂದ ಒಂದು ಅಯಸ್ಕಾಂತ ತೆಗೆದು, ಕರ್ಚೀಫಿನಲ್ಲಿ ಸುತ್ತಿ, ಬಾಡಿಯ ಮೇಲೆಲ್ಲ ಆಡಿಸಿದರು. ಎಡಗಡೆಯ ಹಿಂದಿನ ಚಕ್ರದ ಮೇಲೆ ಅದು ಜಾರಿ ಬಿತ್ತು.

'ಇಲ್ಲಿ ತಗಡೇ ಇಲ್ಲ ತಂಗಿ. ಬರೀ ಪುಟ್ಟಿ' ಅಂದರು.

ಅದರ ಹಿನ್ನೆಲೆ ನನಗೆ ಗೊತ್ತಿತ್ತು. ಐದು ವರ್ಷದ ಹಿಂದೆ, ಕಳೆದ ಸಲದ ನವೀಕರಣಕ್ಕೆ ಮುಂಚೆ, ಒಂದು ಗ್ಯಾರೇಜಿನಲ್ಲಿ ಅಪ್ಪ 18 ಸಾವಿರ ಕೊಟ್ಟು 'ಫುಲ್ ಪೇಂಟ್' ಮಾಡಿಸಿದ್ದರು. ಕಾರು ಫಳಫಳ ಅಂತಿತ್ತು. ಮುಂದಿನ ಮಳೆಗಾಲ ಮುಗಿಯುವಷ್ಟರಲ್ಲಿ ಗುಳ್ಳೆ ಎದ್ದವು. ತೂತಿನೊಳಗೆ ಹಳೇ ಪೇಪರ್ ತುರುಕಿ ಮೇಲೆ ಪುಟ್ಟಿ ಮೆತ್ತಿ ಬಣ್ಣ ಹೊಡೆದಿದ್ದರು ಅಂತ ಗೊತ್ತಾಗಿದ್ದು ಈಗ, ಗ್ರೈಂಡರ್ ಹಿಡಿದಾಗ.

ನೀವೂ ಮನೆಯಲ್ಲೇ ಪರೀಕ್ಷಿಸಬಹುದು. ಅಯಸ್ಕಾಂತ ಹಿಡಿಯದ ಕಡೆ ಪುಟ್ಟಿ ಇದೆ. ಸ್ಕ್ರೂಡ್ರೈವರಿನ ಹಿಡಿಯಿಂದ ಬಾಗಿಲ ಕೆಳಗಿನ ಉದ್ದನೆಯ ಪಟ್ಟಿಯನ್ನು ತಟ್ಟುತ್ತಾ ಹೋಗಿ. ಟಣ್ ಅಂದರೆ ಗಟ್ಟಿ, ಡಬ್ ಅಂದರೆ ಟೊಳ್ಳು. ನೋಡಲೇಬೇಕಾದ ಜಾಗಗಳು: ಮ್ಯಾಟಿನ ಕೆಳಗಿನ ನೆಲ, ನಾಲ್ಕೂ ಚಕ್ರದ ಮಡ್‌ಗಾರ್ಡ್ ಒಳಬದಿ, ಬಾಗಿಲುಗಳ ತಳ, ಬ್ಯಾಟರಿ ಕೂರುವ ತಟ್ಟೆ, ಮುಂದಿನ ಗಾಜಿನ ಬೀಡಿಂಗ್ ಸುತ್ತ, ಡಿಕ್ಕಿಯಲ್ಲಿ ಸ್ಟೆಪ್ನಿ ಇಡುವ ಗುಂಡಿ, ಸೀಟ್ ಬೆಲ್ಟ್ ಬಿಗಿದಿರುವ ಜಾಗ.

ಬಾಗಿಲಿನ ತಳದಲ್ಲಿ ನೀರು ಹೋಗಲು ಸಣ್ಣ ತೂತುಗಳನ್ನು ಕಂಪನಿಯೇ ಬಿಟ್ಟಿರುತ್ತದೆ. ನಮ್ಮ ಕೆಂಪು ಮಣ್ಣು ಮತ್ತು ಮಾವಿನ ಎಲೆಯ ಪುಡಿ ಸೇರಿ ಅವನ್ನು ಮುಚ್ಚುತ್ತವೆ. ಬಾಗಿಲು ಒಳಗೆ ಕೊಡದ ಹಾಗೆ ನೀರು ಹಿಡಿದಿಟ್ಟುಕೊಳ್ಳುತ್ತದೆ. ಒಂದು ಹಿಡಿಕಡ್ಡಿಯಿಂದ ವರ್ಷಕ್ಕೆರಡು ಸಲ ಚುಚ್ಚಿ ಬಿಡಿಸಿದ್ದರೆ ನಮ್ಮ ಎರಡು ಬಾಗಿಲು ಉಳಿಯುತ್ತಿದ್ದವು. ಅದಕ್ಕೆ ಆಗುವ ಖರ್ಚು ಸೊನ್ನೆ.

ಯಾವುದನ್ನು ಉಳಿಸಿದರೂ ಯಾವುದನ್ನು ಉಳಿಸಬಾರದು

ದುಡ್ಡು ಕಡಿಮೆ ಇದ್ದಾಗ ಎಲ್ಲದರಲ್ಲೂ ಸ್ವಲ್ಪ ಸ್ವಲ್ಪ ಉಳಿಸುವುದು ತಪ್ಪು ಲೆಕ್ಕ. ಜೀವಕ್ಕೆ ಸಂಬಂಧಿಸಿದ್ದರಲ್ಲಿ ಪೂರ್ತಿ ಖರ್ಚು ಮಾಡಿ, ಚಂದಕ್ಕೆ ಸಂಬಂಧಿಸಿದ್ದರಲ್ಲಿ ಧಾರಾಳವಾಗಿ ಕೈಬಿಡಿ.

ಇಂಥ ಸಣ್ಣ ಕಾರುಗಳಲ್ಲಿ ಜೀಪು ಲಾರಿಗಳ ಹಾಗೆ ಬೇರೆ ಚಾಸಿಸ್ ಇರುವುದಿಲ್ಲ. ಒಂದು ಮಿಲಿಮೀಟರಿಗಿಂತ ತೆಳುವಾದ ತಗಡನ್ನು ಮಡಿಸಿ, ಬೆಸೆದು, ಪೆಟ್ಟಿಗೆಯ ಹಾಗೆ ಮಾಡಿರುತ್ತಾರೆ. ಆ ಪೆಟ್ಟಿಗೆಯೇ ಚಾಸಿಸ್. ನೆಲ, ಬಾಗಿಲ ಕೆಳಗಿನ ಪಟ್ಟಿ, ಸಸ್ಪೆನ್ಷನ್ ಕೂರುವ ಜಾಗ, ಬೆಲ್ಟ್ ಬಿಗಿಯುವ ಜಾಗ ಇವು ತುಕ್ಕು ಹಿಡಿದರೆ ಡಿಕ್ಕಿಯಾದಾಗ ಪೆಟ್ಟಿಗೆ ಮಡಚಿಕೊಳ್ಳುತ್ತದೆ. ಇಲ್ಲಿ ಪುಟ್ಟಿ, ಫೈಬರ್, ಎಂ-ಸೀಲ್ ಯಾವುದೂ ನಡೆಯುವುದಿಲ್ಲ. ಕೊಳೆತದ್ದನ್ನು ಗಟ್ಟಿ ತಗಡು ಸಿಗುವವರೆಗೆ ಕತ್ತರಿಸಿ ತೆಗೆದು, ಹೊಸ ತಗಡು ವೆಲ್ಡ್ ಮಾಡಬೇಕು. ಅದಕ್ಕೆ ಮುಂಚೆ ಬ್ಯಾಟರಿ ಕಳಚಿರಬೇಕು. ಪೆಟ್ರೋಲ್ ಪೈಪ್ ಹಾದುಹೋಗುವ ಕಡೆ, ಟ್ಯಾಂಕಿನ ಹತ್ತಿರ ಬೆಂಕಿಯ ಕೆಲಸ ಇದ್ದರೆ ಅವನ್ನೂ ಇಳಿಸಿರಬೇಕು. ಇದು ಯೂಟ್ಯೂಬ್ ನೋಡಿ ಮನೆಯಲ್ಲಿ ಮಾಡುವ ಕೆಲಸ ಅಲ್ಲವೇ ಅಲ್ಲ.

ಉಳಿದದ್ದು, ಅಂದರೆ ಕೆರೆಯುವುದು, ಉಜ್ಜುವುದು, ಪ್ರೈಮರ್ ಹಚ್ಚುವುದು ನೀವೇ ಮಾಡಬಹುದು. ಬಾಡಿ ಕೆಲಸದ ಬಿಲ್ಲಿನಲ್ಲಿ ದೊಡ್ಡ ಪಾಲು ಈ ಉಜ್ಜುವ ಕೂಲಿಯೇ. ಅಪ್ಪ, ನಾನು, ನೆರೆಮನೆಯ ಒಬ್ಬ ಐಟಿಐ ಹುಡುಗ ಸೇರಿ ಜನವರಿಯ ಎಂಟು ದಿನ ಅಂಗಳದಲ್ಲಿ ಅದನ್ನೇ ಮಾಡಿದೆವು.

ಕೆಲಸದ ಕ್ರಮ

ಮೊದಲು ಉದುರುವ ತುಕ್ಕನ್ನೆಲ್ಲ ವೈರ್ ಬ್ರಶ್ ಮತ್ತು ಕೆರೆಯುವ ಅಲಗಿನಿಂದ ತೆಗೆಯಿರಿ. ಸುತ್ತ ಒಂದೆರಡು ಇಂಚು ಚೆನ್ನಾಗಿರುವ ಬಣ್ಣವನ್ನೂ ತೆಗೆಯಿರಿ. ತುಕ್ಕು ಬಣ್ಣದಡಿ ತೆವಳಿಕೊಂಡು ಹೋಗಿರುತ್ತದೆ.

ಆಮೇಲೆ ಸಿಹಿನೀರಿನಿಂದ ಚೆನ್ನಾಗಿ ತೊಳೆಯಿರಿ. ಇದನ್ನು ಬಯಲುಸೀಮೆಯವರು ಬಿಟ್ಟರೂ ನಡೆದೀತು, ನಾವು ಬಿಡುವ ಹಾಗಿಲ್ಲ. ತುಕ್ಕಿನ ಗುಳಿಗಳಲ್ಲಿ ಕೂತ ಉಪ್ಪು ಉಜ್ಜಿದರೆ ಹೋಗುವುದಿಲ್ಲ, ಕರಗಿಸಿಯೇ ತೆಗೆಯಬೇಕು. ಉಪ್ಪಿನ ಮೇಲೆ ಎಷ್ಟು ದುಬಾರಿ ಬಣ್ಣ ಹೊಡೆದರೂ ಗುಳ್ಳೆ ಏಳುತ್ತದೆ. ನದಿ ಸಮುದ್ರ ಸೇರುವ ಕಡೆಯ ಬಾವಿಗಳಲ್ಲಿ ಬೇಸಿಗೆಯಲ್ಲಿ ನೀರು ಸವಳಾಗುವುದುಂಟು. ಅಂಥ ನೀರಿನಿಂದ ಕಾರು ತೊಳೆಯುವುದೂ ಒಂದೇ, ತೊಳೆಯದೆ ಇರುವುದೂ ಒಂದೇ.

ಗುಳಿಗಳೊಳಗೆ ಉಳಿಯುವ ತೆಳು ತುಕ್ಕಿಗೆ ರಸ್ಟ್ ಕನ್ವರ್ಟರ್. ಇದರಲ್ಲಿ ಫಾಸ್ಫಾರಿಕ್ ಆಮ್ಲ ಅಥವಾ ಟ್ಯಾನಿಕ್ ಆಮ್ಲ ಇರುತ್ತದೆ. ಟ್ಯಾನಿಕ್ ಆಮ್ಲದ ಕೆಲಸ ನಮಗೆ ಹೊಸತೇನಲ್ಲ. ಅಡಿಕೆ ಸುಲಿಯುವ ಮೆಟ್ಟುಗತ್ತಿ ಕಪ್ಪಾಗುವುದು, ಹಳೇ ಕಡತಗಳಿಗೆ ಅಳಲೆಕಾಯಿ ಮತ್ತು ಕಬ್ಬಿಣದಿಂದ ಮಸಿ ಮಾಡುತ್ತಿದ್ದುದು, ಎರಡೂ ಇದೇ ರಸಾಯನ. ಚೊಗರಿನ ಅಂಶ ಕಬ್ಬಿಣದೊಂದಿಗೆ ಸೇರಿ ಕಪ್ಪು ಸಂಯುಕ್ತವಾಗುತ್ತದೆ. ಫಾಸ್ಫಾರಿಕ್ ಆಮ್ಲ ತುಕ್ಕನ್ನು ಕಬ್ಬಿಣದ ಫಾಸ್ಫೇಟ್ ಮಾಡುತ್ತದೆ. ದೆಹಲಿಯ ಕಬ್ಬಿಣದ ಕಂಬ ತುಕ್ಕು ಹಿಡಿಯದೆ ನಿಂತಿರುವುದಕ್ಕೆ ಅದರಲ್ಲಿ ಹೆಚ್ಚಿರುವ ರಂಜಕದಿಂದ ಮೇಲ್ಮೈಯಲ್ಲಿ ಇಂಥದ್ದೇ ಫಾಸ್ಫೇಟ್ ಪದರ ಕಟ್ಟಿಕೊಂಡಿದ್ದು ಕಾರಣ ಅಂತ ಐಐಟಿ ಕಾನ್ಪುರದ ಆರ್. ಬಾಲಸುಬ್ರಮಣ್ಯಂ ವಿವರಿಸಿದ್ದರು. ಆದರೆ ಕನ್ವರ್ಟರ್ ಮಂತ್ರದ ನೀರಲ್ಲ. ದಪ್ಪ ತುಕ್ಕಿನ ಮೇಲೆ ಹಚ್ಚಿದರೆ ಮೇಲಿನ ಪದರ ಮಾತ್ರ ಬದಲಾಗಿ ಕೆಳಗೆ ಹಳೇ ಕತೆ ಮುಂದುವರಿಯುತ್ತದೆ. ಆಮ್ಲದ ಉಳಿಕೆಯ ಮೇಲೆ ಎಪಾಕ್ಸಿ ಸರಿಯಾಗಿ ಹಿಡಿಯುವುದಿಲ್ಲ. ಡಬ್ಬಿಯ ಮೇಲೆ ಹೇಳಿದಂತೆ ತೊಳೆದು ಒಣಗಿಸಿಯೇ ಮುಂದಕ್ಕೆ ಹೋಗಿ.

ಆಮೇಲೆ ಎಪಾಕ್ಸಿ ಪ್ರೈಮರ್. ಹಾರ್ಡ್‌ನರ್ ಬೆರೆಸಿ ಹಚ್ಚುವ ಈ ಪ್ರೈಮರ್ ನೀರನ್ನು ಒಳಗೆ ಬಿಡುವುದಿಲ್ಲ. ಹಾರ್ಡ್‌ವೇರ್ ಅಂಗಡಿಯ ಸಾದಾ ರೆಡ್ ಆಕ್ಸೈಡ್ ಕಿಟಕಿ ಸರಳಿಗೆ ಸಾಕು, ಕಾರಿಗೆ ಸಾಲದು. ಪುಟ್ಟಿ ಹಾಕುವುದಿದ್ದರೆ ಎಪಾಕ್ಸಿಯ ಮೇಲೆ, ತೆಳುವಾಗಿ. ಪುಟ್ಟಿಯಲ್ಲಿ ಇರುವುದು ರಾಳ ಮತ್ತು ಟಾಲ್ಕ್ ಪುಡಿ. ಅದು ನೀರು ಹೀರುತ್ತದೆ. ಬರಿ ತಗಡಿನ ಮೇಲೆ ಪುಟ್ಟಿ ಮೆತ್ತಿದರೆ ಒದ್ದೆ ಬಟ್ಟೆ ಅಂಟಿಸಿದ ಹಾಗೆ.

ಹೊತ್ತಿನ ಲೆಕ್ಕವೂ ಇದೆ. ನಮ್ಮಲ್ಲಿ ಈ ಕೆಲಸಕ್ಕೆ ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಮಾತ್ರ ಒಳ್ಳೆಯ ಕಾಲ. ಬೆಳಗ್ಗೆ ಇಬ್ಬನಿ ಆರಿ ತಗಡು ಬಿಸಿಲಿಗೆ ಬೆಚ್ಚಗಾದ ಮೇಲೆ ಶುರು ಮಾಡಿ. ಮಧ್ಯಾಹ್ನದ ಹೊತ್ತಿಗೆ ಕಡಲ ಗಾಳಿ ಏರಿ ಉಪ್ಪು ತರುತ್ತದೆ. ಬೆಳಗ್ಗೆ ಬಿಚ್ಚಿದ ತಗಡಿಗೆ ಅದೇ ದಿನ ಪ್ರೈಮರ್ ಬೀಳಬೇಕು, ರಾತ್ರಿ ಹಾಗೇ ಬಿಟ್ಟರೆ ಬೆಳಗಾಗುವಷ್ಟರಲ್ಲಿ ಕಿತ್ತಳೆ ಬಣ್ಣ ಬಂದಿರುತ್ತದೆ.

ಕೊನೆಯದಾಗಿ ಒಳಗಿನ ಟೊಳ್ಳುಗಳಿಗೆ ಮೇಣ ಅಥವಾ ಎಣ್ಣೆ. ಬಾಗಿಲಿನೊಳಗೆ, ಕೆಳಪಟ್ಟಿಯೊಳಗೆ ಬಣ್ಣ ತಲುಪುವುದಿಲ್ಲ, ಸಪೂರ ಪೈಪಿನಿಂದ ಮೇಣ ಸಿಂಪಡಿಸಬೇಕು. ನಮ್ಮ ಮೀನುಗಾರರು ಮರದ ದೋಣಿಗೆ ಮೀನೆಣ್ಣೆ ಹಚ್ಚುತ್ತಾ ಬಂದವರು. ಅಮೆರಿಕದ ರಸ್ಟ್-ಓಲಿಯಂ ಬಣ್ಣದ ಕಂಪನಿ ಹೇಳಿಕೊಳ್ಳುವ ಹುಟ್ಟಿನ ಕತೆಯೂ ಅದೇ: ಹಡಗಿನ ಕಪ್ತಾನನೊಬ್ಬ ಡೆಕ್ ಮೇಲೆ ಚೆಲ್ಲಿದ ಮೀನೆಣ್ಣೆ ತುಕ್ಕನ್ನು ತಡೆದದ್ದು ನೋಡಿ ಬಣ್ಣ ಮಾಡಲು ಹೊರಟ. ವಾಸನೆ ತಡೆಯುವವರು ಕಾರಿಗೂ ಪ್ರಯತ್ನಿಸಬಹುದು. ಅಮ್ಮ ಬೇಡ ಅಂದರು.

ಬಣ್ಣ ಯಾರ ಶ್ವಾಸಕ್ಕೆ

ಬಿಳಿ ಬಣ್ಣದ ಕಾರು ನಮ್ಮ ಅದೃಷ್ಟ. ಸಾದಾ ಬಣ್ಣವಾದರೆ ಒಂದೇ ಹಂತದಲ್ಲಿ ಮುಗಿಯುತ್ತದೆ. ಮೆಟಾಲಿಕ್ ಆದರೆ ಬೇಸ್ ಕೋಟ್, ಅದರ ಮೇಲೆ ಕ್ಲಿಯರ್ ಕೋಟ್, ಖರ್ಚೂ ಹೆಚ್ಚು, ಹೊಂದಿಸುವುದೂ ಕಷ್ಟ. ಬೇರೆ ಬಣ್ಣ ಹೊಡೆಸುವ ಆಸೆ ಇದ್ದರೆ ನೆನಪಿಡಿ, ಆರ್‌ಸಿಯಲ್ಲಿ ಬಣ್ಣವೂ ನಮೂದಾಗಿರುತ್ತದೆ, ತಿದ್ದುಪಡಿ ಮಾಡಿಸಬೇಕು.

ಕುಮಟಾದ ಬಣ್ಣದಂಗಡಿಯಲ್ಲಿ ಎರಡು ದಾರಿ ತೋರಿಸಿದರು. ಒಂದು ಎನ್‌ಸಿ ಪೇಂಟ್. ಥಿನ್ನರ್ ಆರಿದರೆ ಒಣಗುತ್ತದೆ, ಅಗ್ಗ, ಆದರೆ ಬೇಗ ಮಂಕಾಗುತ್ತದೆ. ಇನ್ನೊಂದು ಪಿಯು. ಹಾರ್ಡ್‌ನರ್ ಬೆರೆಸಿದ ಮೇಲೆ ರಾಸಾಯನಿಕವಾಗಿ ಗಟ್ಟಿಯಾಗುತ್ತದೆ, ಉಪ್ಪು ಗಾಳಿಗೆ ಬಾಳಿಕೆ ಬರುತ್ತದೆ. ಪಿಯು ತಗೊಂಡೆವು.

ಆ ಹಾರ್ಡ್‌ನರ್‌ನಲ್ಲಿ ಐಸೋಸಯನೇಟ್ ಅನ್ನುವ ರಾಸಾಯನಿಕ ಇರುತ್ತದೆ. ಸ್ಪ್ರೇ ಮಾಡುವಾಗ ಅದು ಮಂಜಾಗಿ ಶ್ವಾಸಕೋಶಕ್ಕೆ ಹೋಗುತ್ತದೆ. ಕೆಲಸದಿಂದ ಬರುವ ಆಸ್ತಮಾಕ್ಕೆ ಜಗತ್ತಿನಾದ್ಯಂತ ಗುರುತಿಸಲಾದ ಮುಖ್ಯ ಕಾರಣಗಳಲ್ಲಿ ಇದೂ ಒಂದು. ಒಮ್ಮೆ ದೇಹ ಇದಕ್ಕೆ ಅಲರ್ಜಿಯಾದರೆ ಮುಂದೆ ಅತಿ ಕಡಿಮೆ ಪ್ರಮಾಣವೂ ಉಸಿರು ಕಟ್ಟಿಸಬಲ್ಲದು. ವಾಸನೆಯಿಂದ ಮೊದಲೇ ಗೊತ್ತಾಗುವುದೂ ಇಲ್ಲ. ಹೊರಗಿನಿಂದ ಶುದ್ಧ ಗಾಳಿ ಪೂರೈಸುವ ಮಾಸ್ಕ್ ಹಾಕಿಕೊಂಡು, ಗಾಳಿ ಎಳೆಯುವ ಬೂತ್‌ನಲ್ಲಿ ಮಾಡಬೇಕಾದ ಕೆಲಸ ಇದು. ನಮ್ಮ ಪೇಂಟರ್ ಅಣ್ಣ ಇಪ್ಪತ್ತೆರಡು ವರ್ಷದಿಂದ ಮುಖಕ್ಕೆ ಟವೆಲ್ ಕಟ್ಟಿಕೊಂಡು ಮಾಡುತ್ತಿದ್ದಾರೆ.

ಕಾರ್ಟ್ರಿಜ್ ಇರುವ ಮಾಸ್ಕ್ ಒಂದನ್ನು ಒಯ್ದು ಕೊಟ್ಟೆ. ಅದು ಪೂರ್ತಿ ರಕ್ಷಣೆಯಲ್ಲ, ಟವೆಲಿಗಿಂತ ಎಷ್ಟೋ ವಾಸಿ. ಹತ್ತು ನಿಮಿಷ ಹಾಕಿ ತೆಗೆದುಬಿಟ್ಟರು, 'ಸೆಕೆಗೆ ಆಗೂದಿಲ್ಲ ತಂಗಿ' ಅಂತ. ಚಾ ಕುಡಿಯುವಾಗ ತಾವಾಗೇ ಹೇಳಿದರು: 'ರಾತ್ರಿ ಮಲಗಿದ್ರೆ ಎದೆಯೊಳಗೆ ಸಿಳ್ಳೆ ಹೊಡ್ದಾಂಗೆ ಆಗ್ತದೆ. ಹೆಂಡ್ತಿ ಬೈತಾಳೆ.' ಹಾರ್ಡ್‌ನರ್ ಇರುವ ಕೋಟ್ ಹೊಡೆಯುವಾಗ ಮಾತ್ರ ಹಾಕಿಕೊಳ್ಳುತ್ತೇನೆ ಅಂತ ಒಪ್ಪಿಕೊಂಡರು. ಹಾಕಿಕೊಂಡರು ಕೂಡ. ಸಾರಿಗೆ ಮತ್ತು ಅದಕ್ಕೆ ಸಂಬಂಧಿಸಿದ ಕಾರ್ಮಿಕರ ಸಾಮಾಜಿಕ ಭದ್ರತೆಗಾಗಿ ರಾಜ್ಯದಲ್ಲಿ 2024ರಲ್ಲಿ ಕಾಯ್ದೆ ಬಂದಿದೆ, ಗ್ಯಾರೇಜ್ ಕೆಲಸಗಾರರೂ ಅದರೊಳಗೆ ಬರುತ್ತಾರೆ ಅಂದೆ. ಅವರು ಅದರ ಹೆಸರೇ ಕೇಳಿರಲಿಲ್ಲ.

ಇನ್ನೊಂದು ವಿಷಯ ಸೀಸ. 2016ರಲ್ಲಿ ಕೇಂದ್ರ ತಂದ ನಿಯಮ ಬಣ್ಣದಲ್ಲಿ ಸೀಸದ ಮಿತಿಯನ್ನು ಹತ್ತು ಲಕ್ಷದಲ್ಲಿ 90 ಭಾಗಕ್ಕೆ ಇಳಿಸಿತು. ಆದರೆ ಅದು ಮನೆಯ ಮತ್ತು ಅಲಂಕಾರದ ಬಣ್ಣಗಳಿಗೆ ಮಾತ್ರ. ವಾಹನದ ಬಣ್ಣ ಅದರ ವ್ಯಾಪ್ತಿಗೆ ಬರುವುದಿಲ್ಲ. ಹಳೇ ಬಣ್ಣದಲ್ಲಿ, ಅದರಲ್ಲೂ ಹಳದಿ ಕೆಂಪುಗಳಲ್ಲಿ, ಸೀಸ ಇರಬಹುದು ಅಂತಲೇ ತಿಳಿದು ಕೆಲಸ ಮಾಡಿ. ಒಣ ಸ್ಯಾಂಡ್ ಪೇಪರ್ ಬೇಡ, ವಾಟರ್ ಪೇಪರಿನಲ್ಲಿ ನೀರು ಹಾಕಿ ಉಜ್ಜಿ. ಮಕ್ಕಳನ್ನು ದೂರ ಇಡಿ. ಆ ಕೆಸರನ್ನು ಬಾವಿಯ ಕಡೆ ಹರಿಯಲು ಬಿಡಬೇಡಿ.

ಕೊನೆಗೆ ಆದ ಖರ್ಚು

ಭಟ್ಕಳದ ಟಿಂಕರ್ ಕೆಲಸ, ತಗಡು ಸೇರಿ 6,500. ವೈರ್ ಬ್ರಶ್, ವಾಟರ್ ಪೇಪರ್ 900. ಕನ್ವರ್ಟರ್ 600. ಎಪಾಕ್ಸಿ ಪ್ರೈಮರ್ 1,400. ಪುಟ್ಟಿ 500. ಬಣ್ಣ, ಹಾರ್ಡ್‌ನರ್, ಥಿನ್ನರ್ 4,200. ಪೇಂಟರ್ ಕೂಲಿ 6,000. ಅಡಿಭಾಗದ ಕೋಟಿಂಗ್ ಮತ್ತು ಮೇಣ 1,900. ಮಾಸ್ಕ್ 1,500. ಒಟ್ಟು 23,500 ರೂಪಾಯಿ.

ಹತ್ತಿರದಿಂದ ನೋಡಿದರೆ ಬಾನೆಟ್ ಮೇಲೆ ಅಲೆ ಅಲೆ ಕಾಣುತ್ತದೆ. ಹಿಂದಿನ ಬಾಗಿಲಿನ ಬಿಳಿಗೂ ಮುಂದಿನ ಬಿಳಿಗೂ ಚೂರು ವ್ಯತ್ಯಾಸ ಇದೆ. ನೆಲ ಮಾತ್ರ ಗಟ್ಟಿ. ಇನ್ನು ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಅಡಿಭಾಗಕ್ಕೆ ಸಿಹಿನೀರು, ಮ್ಯಾಟ್ ಎತ್ತಿ ಒಣಗಿಸುವುದು, ಟಾರ್ಪಾಲಿನ್ ಬದಲು ಗಾಳಿಯಾಡುವ ಚಪ್ಪರ. ಪ್ಲಾಸ್ಟಿಕ್ ಹೊದಿಸಿದರೆ ತೇವ ಒಳಗೇ ಬೇಯುತ್ತದೆ.

ವಯಸ್ಸಲ್ಲ, ಸ್ಥಿತಿ ನೋಡಿ

ಈ 23,500ರ ಪಕ್ಕದಲ್ಲಿ ಇನ್ನೊಂದು ಅಂಕಿ ಇಡಿ: 10,000. ಇಪ್ಪತ್ತು ವರ್ಷ ದಾಟಿದ ಕಾರಿನ ನೋಂದಣಿ ನವೀಕರಣಕ್ಕೆ 2025ರ ಆಗಸ್ಟ್‌ನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ನಿಗದಿ ಮಾಡಿದ ಶುಲ್ಕ. 2022ರ ಏಪ್ರಿಲ್‌ವರೆಗೆ ಕಾರಿನ ನವೀಕರಣಕ್ಕೆ ಇದ್ದದ್ದು 600 ರೂಪಾಯಿ, ಆಮೇಲೆ 5,000 ಆಯಿತು, ಈಗ 20 ವರ್ಷ ಮೀರಿದವಕ್ಕೆ 10,000. ರಾಜ್ಯದ ಹಸಿರು ತೆರಿಗೆ ಬೇರೆ. ಫಾರ್ಮ್ 25, ವಿಮೆ, ಹೊಗೆ ತಪಾಸಣೆಯ ಪತ್ರ ಹಿಡಿದು ಹೊನ್ನಾವರದ ಎಆರ್‌ಟಿಒ ಕಚೇರಿಗೆ ಅಪ್ಪ ಹೋಗಬೇಕಿದೆ.

ಹಳೇ ವಾಹನಗಳನ್ನು ರಸ್ತೆಯಿಂದ ಇಳಿಸಬೇಕು ಅನ್ನುವ ವಾದದಲ್ಲಿ ಹುರುಳಿಲ್ಲ ಅಂತ ನಾನು ಹೇಳುವುದಿಲ್ಲ. ಈ ಕಾರಿನಲ್ಲಿ ಏರ್‌ಬ್ಯಾಗ್ ಇಲ್ಲ. ಇದರ ಹೊಗೆ ಬಿಎಸ್-6 ಕಾರಿನದಕ್ಕಿಂತ ಕೊಳಕು. ದೆಹಲಿಯಂಥ ಊರಿನಲ್ಲಿ ಅದಕ್ಕೆ ಜನ ಸಾಯುತ್ತಾರೆ. ಅಲ್ಲಿ 10 ವರ್ಷದ ಡೀಸೆಲ್, 15 ವರ್ಷದ ಪೆಟ್ರೋಲ್ ಗಾಡಿ ಬೇಡ ಅಂದ ಹಸಿರು ನ್ಯಾಯಮಂಡಳಿಯ ಆದೇಶವನ್ನು 2018ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದದ್ದಕ್ಕೆ ಹಿನ್ನೆಲೆ ಇತ್ತು. ಆದರೆ ವರ್ಷಕ್ಕೆ ನಾಲ್ಕು ಸಾವಿರ ಕಿಲೋಮೀಟರ್ ಓಡುವ ಹೊನ್ನಾವರದ ಕಾರಿಗೂ ಕ್ಯಾಲೆಂಡರ್ ಒಂದನ್ನೇ ಅಳತೆಗೋಲು ಮಾಡುವುದು ಸರಿಯಾ?

ಎಂಜಿನಿಯರ್ ಆಗಿ ನನ್ನ ತಕರಾರು ಇನ್ನೂ ಮೂಲದ್ದು. ವಯಸ್ಸನ್ನು ಅಳೆಯುವ ಈ ಪದ್ಧತಿ ಎರಡೂ ಕಡೆಯಿಂದ ತಪ್ಪುತ್ತದೆ. ನಮ್ಮ ದೇಶದಲ್ಲಿ ಖಾಸಗಿ ಕಾರಿನ ನೋಂದಣಿ ಮೊದಲ 15 ವರ್ಷ ನಡೆಯುತ್ತದೆ. ಅಷ್ಟು ದಿನ ಹೊಗೆ ತಪಾಸಣೆ ಬಿಟ್ಟರೆ ಅದರ ತಳಕ್ಕೆ ಯಾರೂ ಕಣ್ಣು ಹಾಯಿಸಬೇಕಾಗಿಲ್ಲ. ಕಡಲ ಬದಿಯಲ್ಲಿ ಎಂಟು ವರ್ಷಕ್ಕೇ ನೆಲ ಕೊಳೆತ ಕಾರು ಕಾನೂನಿನ ಕಣ್ಣಿಗೆ ಹರೆಯದ್ದು. ಬಯಲುಸೀಮೆಯಲ್ಲಿ ಜೋಪಾನವಾಗಿ ಇಟ್ಟ 21 ವರ್ಷದ ಕಾರು ಮುದುಕ. ಬ್ರಿಟನ್ನಿನಲ್ಲಿ ಮೂರು ವರ್ಷ ಆದ ಮೇಲೆ ಪ್ರತಿ ವರ್ಷ ತಪಾಸಣೆ. ಸೀಟ್ ಬೆಲ್ಟ್, ಸಸ್ಪೆನ್ಷನ್ ಬಿಗಿದ ಜಾಗದಿಂದ 30 ಸೆಂಟಿಮೀಟರ್ ಒಳಗೆ ತಗಡು ಬಲ ಕಳೆದುಕೊಳ್ಳುವಷ್ಟು ತುಕ್ಕು ತಿಂದಿದ್ದರೆ ಕಾರು ಹೊಸದಾಗಲಿ ಹಳೇದಾಗಲಿ ಫೇಲ್. ಜರ್ಮನಿಯಲ್ಲಿ ಮೊದಲ ಮೂರು ವರ್ಷದ ನಂತರ ಎರಡು ವರ್ಷಕ್ಕೊಮ್ಮೆ. ಅಲ್ಲಿ ಕೇಳುವ ಪ್ರಶ್ನೆ 'ಎಷ್ಟು ವರ್ಷ' ಅಲ್ಲ, 'ಗಟ್ಟಿ ಇದೆಯಾ'.

ನಮಗೂ ಆ ಪ್ರಶ್ನೆ ಬೇಕು. ಐದು ವರ್ಷದಿಂದಲೇ ಶುರುವಾಗುವ, ಕಡಿಮೆ ಶುಲ್ಕದ, ತಾಲೂಕು ಮಟ್ಟದಲ್ಲಿ ಸಿಗುವ, ಅಡಿಭಾಗ ನೋಡುವ ತಪಾಸಣೆ. ಫೇಲ್ ಆದರೆ ರಿಪೇರಿಗೆ ಅವಕಾಶ, ಆ ರಿಪೇರಿ ಮಾಡುವ ಕೈಗಳಿಗೆ ತರಬೇತಿ ಮತ್ತು ಒಳ್ಳೆಯ ಮಾಸ್ಕ್. ಆ 10,000 ರೂಪಾಯಿ ಕಟ್ಟಿದ್ದರಿಂದ ನಮ್ಮ ಕಾರು ಒಂದು ಗ್ರಾಂ ಕಡಿಮೆ ಹೊಗೆ ಬಿಡುವುದಿಲ್ಲ, ಒಂದು ಇಂಚು ಗಟ್ಟಿಯಾಗುವುದಿಲ್ಲ. ಗಟ್ಟಿಯಾದದ್ದು ಭಟ್ಕಳದ ಆ ಆರೂವರೆ ಸಾವಿರದ ವೆಲ್ಡಿಂಗ್‌ನಿಂದ. ಐದು ವರ್ಷದ ಹಿಂದೆ ಪುಟ್ಟಿ ಮೆತ್ತಿದ ಇದೇ ಕಾರು ನವೀಕರಣ ಪಡೆದುಕೊಂಡು ಬಂದಿತ್ತು ಅನ್ನೋದನ್ನು ಮರೆಯಬೇಡಿ.

ಕಳೆದ ವಾರ ಅಮ್ಮನನ್ನು ಅದೇ ಕಾರಿನಲ್ಲಿ ಮಣಿಪಾಲಕ್ಕೆ ಕರೆದುಕೊಂಡು ಹೋಗಿ ಬಂದೆವು. ಬೆಳಗ್ಗೆ ಐದಕ್ಕೆ ಹೊರಟು ರಾತ್ರಿ ಎಂಟಕ್ಕೆ ಮನೆ. ಶಿರೂರು ಟೋಲ್ ದಾಟುವಾಗ ಅಪ್ಪ ಎಂದಿನ ಹಾಗೆ ಗಾಡಿ ನಿಧಾನ ಮಾಡಿದರು. ವಾಪಸ್ ಬಂದು ಕಾರಿನಿಂದ ಇಳಿಯುವಾಗ ಅಮ್ಮ ಕಾಲಿನ ಕೆಳಗಿನ ಮ್ಯಾಟನ್ನು ಒಮ್ಮೆ ಒತ್ತಿ ನೋಡಿ, 'ಈಗ ಅಡ್ಡಿಲ್ಲ' ಅಂದರು.